ಅರವತ್ತಾರೋ ಅರವತ್ತೊಂಬತ್ತೋ

ಸರಿತಾ ಆ ಮಾತನ್ನು ಊಟದ ಹೊತ್ತಿಗೆ ತೆಗೆಯಬಾರದಿತ್ತು. ತೆಗೆದುಬಿಟ್ಟಳು.

ಮಾರ್ಚ್ ತಿಂಗಳ ಮೊದಲ ವಾರ. ಆ ಮನೆಯಲ್ಲಿ ಸಂಜೆ ಏಳೂವರೆಗೆಲ್ಲ ಊಟ. ಮಾವ ಶಿದ್ಲಿಂಗಪ್ಪ ನಸುಕಿನಲ್ಲಿ ಎದ್ದು ನೀರು ಬಿಡಲು ಹೋಗಬೇಕು, ಅದಕ್ಕೆ. ಪುರಸಭೆಯಲ್ಲಿ ಅವನು ವಾಲ್ವ್‌ಮನ್. ಸರದಿಯ ಪ್ರಕಾರ ಓಣಿ ಓಣಿಗೆ ನೀರಿನ ವಾಲ್ವ್ ತಿರುಗಿಸುವವನು. ಅವನ ಪಕ್ಕದಲ್ಲಿ ಮಗ ಸೋಮಶೇಖರ, ಸರಿತಾಳ ಗಂಡ. ಮೂಡಲಗಿಯಲ್ಲಿ ಪಂಪ್‌ಸೆಟ್ಟಿನ ಮೋಟರ್ ವೈಂಡಿಂಗ್ ಅಂಗಡಿ ಇಟ್ಟವನು. ಅವನಾಚೆ ಅವನ ತಂಗಿ ಐಶ್ವರ್ಯ, ಘಟಪ್ರಭಾದಲ್ಲಿ ನರ್ಸಿಂಗ್ ಎರಡನೆಯ ವರ್ಷ. ಬಾಗಿಲ ಹತ್ತಿರ ಗೋಡೆಗೆ ಆತು ಕುಳಿತವಳು ಶಿದ್ಲಿಂಗಪ್ಪನ ತಾಯಿ ಸತ್ತೆವ್ವ, ಮೊಮ್ಮಕ್ಕಳಿಗೆ ಆಯಿ. ರೊಟ್ಟಿಯನ್ನು ಮಜ್ಜಿಗೆಯಲ್ಲಿ ಮುರಿದು ನೆನೆಯಲು ಬಿಟ್ಟು ಅದು ಮೆತ್ತಗಾಗುವ ದಾರಿ ಕಾಯುತ್ತಿದ್ದಳು. ಅತ್ತೆ ಸುಂದ್ರವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು, ಸರಿತಾ ಬಡಿಸುತ್ತಿದ್ದಳು.

“ಮಾವಾರ, ನಿಮ್ಮ ಸೇವಾ ಪುಸ್ತಕ ಇವತ್ತ ನನ್ನ ಟೇಬಲ್ಲಿಗೆ ಬಂದಿತ್ರಿ,” ಅಂದಳು ಸರಿತಾ, ಪುಂಡಿಪಲ್ಲೆ ಹಾಕುತ್ತ.

“ಬರಲಿ. ಅದರಾಗ ಏನ ಇರತೈತಿ? ನಾಕ ಸಲ ರಜಾ, ಒಂದ ಸಲ ನೋಟೀಸು.”

“ಹುಟ್ಟಿದ ತಾರೀಖ ಅರವತ್ತಾರ ಇದ್ದಂಗ ಕಾಣತೈತ್ರಿ.”

ಸೋಮಶೇಖರ ತಲೆಯೆತ್ತಿದ. “ಅರವತ್ತೊಂಬತ್ತ ಅಲ್ಲೇನ?”

“ನೌಕರರ ಯಾದಿಯೊಳಗ ಅರವತ್ತೊಂಬತ್ತ ಅಂತ ಟೈಪ್ ಮಾಡ್ಯಾರ. ಪುಸ್ತಕದಾಗ ಹಂಗ ಕಾಣವಲ್ದು. ಅರವತ್ತಾರ ಖರೆ ಇದ್ರ ಮಾವಾರು ಈ ಮೇ ಮೂವತ್ತೊಂದಕ್ಕ ಅರವತ್ತ ತುಂಬಿ ರಿಟೈರ್ ಅಕ್ಕಾರ.”

ಹಂಚಿನ ಮೇಲಿನ ರೊಟ್ಟಿಯನ್ನು ಸುಂದ್ರವ್ವ ತಿರುವಲಿಲ್ಲ. ಅದು ಕರಕಾದ ವಾಸನೆ ಪಡಸಾಲೆಗೆ ಬಂದಾಗಲೇ ಎಲ್ಲರಿಗೂ ಎಚ್ಚರವಾದದ್ದು.

ಸರಿತಾ ಅದೇ ಪುರಸಭೆಯ ಸಿಬ್ಬಂದಿ ಶಾಖೆಯಲ್ಲಿ ದ್ವಿತೀಯ ದರ್ಜೆ ಸಹಾಯಕಿ. ಗೋಕಾಕ ಮೂಡಲಗಿ ಕಡೆಯ ಆ ಊರಿನ ಹೆಸರು ಹೇಳುವ ಕಾರಣವಿಲ್ಲ. ಅಂಥ ಕಚೇರಿ ಯಾವ ಊರಲ್ಲಾದರೂ ಇದ್ದೀತು. ಯಾರು ಯಾವತ್ತು ಸೇರಿದರು, ಎಷ್ಟು ರಜೆ ಹಾಕಿದರು, ಯಾರಿಗೆ ಬಡ್ತಿ ಬಂತು, ಯಾರು ಯಾವತ್ತು ಮನೆಗೆ ಹೋಗಬೇಕು, ಇದೆಲ್ಲ ಬರೆದಿಟ್ಟ ಪುಸ್ತಕಗಳ ನಡುವೆ ಅವಳ ಕುರ್ಚಿ. ಹಳೆಯ ಸೇವಾ ಪುಸ್ತಕಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಬೇಕೆಂದು ಆದೇಶ ಬಂದಿತ್ತು. ದಿನಕ್ಕೆ ನಾಲ್ಕೈದು ಪುಸ್ತಕ ಬಿಚ್ಚುವುದು, ಓದುವುದು, ತುಂಬುವುದು. ಮಾವನ ಪುಸ್ತಕದ ಮೊದಲ ಪುಟಕ್ಕೆ ಯಾವುದೋ ಮಳೆಗಾಲದಲ್ಲಿ ನೀರು ಬಿದ್ದಿತ್ತು. ಹಳೆಯ ಗುಮಾಸ್ತ ಕನ್ನಡ ಅಂಕಿಯಲ್ಲಿ ಬರೆದಿದ್ದ. ೧-೬-೧೯೬ ಅನ್ನುವತನಕ ಸರಿಯಾಗಿತ್ತು. ಕೊನೆಯ ಅಂಕಿಯ ಮಸಿ ಹರಡಿ, ೬ ಅಂದರೆ ೬, ೯ ಅಂದರೆ ೯ ಆಗುವ ಹಾಗಿತ್ತು. ಕೆಳಗೆ ಅಕ್ಷರದಲ್ಲಿ ‘ಅರವತ್ತ’ ಎನ್ನುವವರೆಗೆ ಉಳಿದು ಮುಂದಿನದು ಅಳಿಸಿಹೋಗಿತ್ತು. ಅವಳು ಪುಟವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ್ದಳು. ಪೆನ್ನು ಒತ್ತಿದ ಗೆರೆ ಆರರ ಕಡೆಗೇ ತಿರುಗಿತ್ತು.

ಮನೆಯವರೆಲ್ಲ ಇನ್ನೂ ಮೂರು ವರ್ಷ ನೌಕರಿ ಇದೆಯೆಂಬ ಲೆಕ್ಕದಲ್ಲಿದ್ದರು. ಐಶ್ವರ್ಯಳ ಓದು ಮುಗಿಯಬೇಕು, ಆಮೇಲೆ ಅವಳ ಮದುವೆ. ಮಾಳಿಗೆಯ ಮೇಲೆ ಎರಡು ಕೋಣೆಗೆಂದು ಎಬ್ಬಿಸಿದ ಕಂಬಗಳ ಕಬ್ಬಿಣ ಆಕಾಶ ನೋಡುತ್ತ ನಿಂತಿತ್ತು.

“ಆಧಾರ ಕಾರ್ಡಿನ್ಯಾಗ ಏನೈತಿ?” ಅಂತ ಐಶ್ವರ್ಯ ಎದ್ದು ಹೋಗಿ ಕಪಾಟಿನಿಂದ ತಂದಳು. ಅದರಲ್ಲಿ ಬರೀ ವರ್ಷವಿತ್ತು. ಸಾವಿರದ ಒಂಬೈನೂರಾ ಅರವತ್ತೆಂಟು.

“ಇದೇನ ಮತ್ತ?” ಅಂದಳು ಸುಂದ್ರವ್ವ.

“ಆ ಹುಡುಗ ನಿನ್ನ ವಯಸ್ಸೆಷ್ಟ ಅಂದ. ನಾ ಒಂದ ಅಂದಾಜ ಹೇಳಿದ್ನಿ,” ಅಂದ ಶಿದ್ಲಿಂಗಪ್ಪ. ಅವನು ಉಣ್ಣುವುದನ್ನು ನಿಲ್ಲಿಸಿರಲಿಲ್ಲ.

ಮರುದಿನ ಬೆಳಿಗ್ಗೆ ಸರಿತಾ ಡಬ್ಬಿ ಕಟ್ಟಲು ಅಡುಗೆಮನೆಗೆ ಬಂದಾಗ ಅತ್ತೆ ಕಾಯುತ್ತಿದ್ದಳು.

“ಆ ಪುಸ್ತಕ ಯಾರ್‍ಯಾರ ನೋಡ್ಯಾರ?”

“ಸದ್ಯಕ್ಕ ನಾ ಒಬ್ಬಾಕೀನ ರಿ.”

“ಹಂಗಾರ ನೋಡಾಕೀನೂ ನೀನ, ಬರಿಯಾಕೀನೂ ನೀನ. ಒಂಬತ್ತ ಬರದ ಮುಗಸು.”

“ಅತ್ತೀ, ಮೂಲ ದಾಖಲೆ ನೋಡೇನಿ ಅಂತ ಕೆಳಗ ನಾ ಸಹಿ ಮಾಡಬೇಕಾಗತೈತ್ರಿ.”

“ಮಾಡು. ಸಹಿ ಮಾಡಾಕ ಬರೂದಿಲ್ಲೇನ? ಹುಕ್ಕೇರಿಯಾಗ ಸಾಲಿ ಕಲಸೇ ಕಳಸ್ಯಾರಲಾ ನಿಮ್ಮವ್ವ ನಿಮ್ಮಪ್ಪ.”

“ನಾಳೆ ಯಾರರೆ ಸಾಲಿಗೆ ಬರದ ಕೇಳಿದ್ರ ನನ್ನ ನೌಕರಿ ಹೊಕ್ಕೈತ್ರಿ.”

“ಅಂದ್ರ ನಿನ್ನ ನೌಕರಿ ಉಳೀಬೇಕು, ಅವರದ ಹೋಗಬೇಕು. ಹೌದಲ್ಲ?”

ಅತ್ತೆ ಹೇಳಿದ್ದು ಸರಿತಾಗೆ ಸುಳ್ಳೆಂದು ಅನ್ನಿಸಲಿಲ್ಲ, ನಿಜವೆಂದೂ ಅನ್ನಿಸಲಿಲ್ಲ. ಅವಳು ಡಬ್ಬಿಯ ಮುಚ್ಚಳ ಹಾಕಿ ನಡೆದಳು. ಕಚೇರಿಯಲ್ಲಿ ಮಧ್ಯಾಹ್ನ ತೆರೆದಾಗ ಗೊತ್ತಾಯಿತು, ಪಲ್ಲೆ ಹಾಕಿಕೊಳ್ಳುವುದನ್ನೇ ಮರೆತಿದ್ದಳು. ಎರಡು ರೊಟ್ಟಿ ಮಾತ್ರ ಇದ್ದವು.

ಸೋಮಶೇಖರನದು ಬೇರೆ ದಾರಿ. ಅವನು ಜಗಳವಾಡಲಿಲ್ಲ. ಸಂಜೆ ಮಾಳಿಗೆಯ ಮೇಲೆ ಬಟ್ಟೆ ತೆಗೆಯುವಾಗ ಹಿಂದೆ ಬಂದು ನಿಂತ.

“ಅಳಸಿ ಹೋದ ಅಂಕಿ ಅದು. ಆರ ಅಂತ ನೀ ಆಣಿ ಮಾಡಿ ಹೇಳ್ತೀಯೇನ?”

“ಆಣಿ ಮಾಡೂವಷ್ಟ ಇಲ್ರಿ.”

“ಮತ್ತ? ಗೊತ್ತಿಲ್ಲದ್ದಕ್ಕ ನಮ್ಮ ಮನಿಗೆ ಅನುಕೂಲ ಆಗೂ ಹಂಗ ಬರದ್ರ ತಪ್ಪೇನ?”

“ಬ್ಯಾರೇದವರ ಪುಸ್ತಕ ಇದ್ದಿದ್ರ ನಾ ಆರ ಅಂತಾನ ಬರೀತಿದ್ನಿ. ಅದ ನನಗ ತಿಳಿವಲ್ದು.”

ಮುಂದಿನ ಹತ್ತು ದಿನ ಸರಿತಾ ಆ ಪುಸ್ತಕವನ್ನು ಗಂಟಿನ ತಳಕ್ಕೆ ಹಾಕಿ ಉಳಿದವರದನ್ನು ಏರಿಸುತ್ತ ಹೋದಳು. ಮನೆಯಲ್ಲಿ ಸುಂದ್ರವ್ವ ಅವಳೊಡನೆ ನೇರವಾಗಿ ಮಾತಾಡುವುದನ್ನು ಬಿಟ್ಟಳು. “ಐಶ್ವರ್ಯಾ, ನಿಮ್ಮ ವೈನಿಗೆ ಹೇಳು, ಬಾಂಡೆ ತೊಳೀಲಾರದ ಹಂಗ ಬಿದ್ದಾವ ಅಂತ.” ವೈನಿ ಸರಿತಾ ಎರಡು ಮಾರು ದೂರದಲ್ಲೇ ಇರುತ್ತಿದ್ದಳು. ತವರಿಗೆ ಫೋನ್ ಮಾಡಿದರೆ ತಾಯಿ ಯಮನವ್ವ, “ಅವರು ಹೇಳಿದಂಗ ಕೇಳು,” ಅಂದಳು. ಐದು ನಿಮಿಷ ಬಿಟ್ಟು ತಾನೇ ತಿರುಗಿ ಫೋನ್ ಮಾಡಿ, “ಬ್ಯಾಡ, ಸುಳ್ಳ ಸಹಿ ಮಾಡಬ್ಯಾಡ,” ಅಂದಳು.

ಒಂದು ದಿನ ಶಿದ್ಲಿಂಗಪ್ಪ ಕಚೇರಿಯ ಅಂಗಳದಲ್ಲಿ ಸೈಕಲ್ ನಿಲ್ಲಿಸಿ, ಸುತ್ತ ಯಾರೂ ಇಲ್ಲದ್ದು ನೋಡಿ, ಸೊಸೆಯನ್ನು ಕರೆದ.

“ತಂಗಿ, ನಿನ್ನ ತಪ್ಪಿಲ್ಲವಾ. ನಾ ಖರೇನ ಯಾವಾಗ ಹುಟ್ಟೇನಿ, ನನಗೂ ಗೊತ್ತಿಲ್ಲ ನೋಡು.”

“ಆಯಿಗೆ ಕೇಳೂಣೇನ್ರಿ?”

“ಅಕೀಗೆ ನಿನ್ನಿ ಏನ ಉಂಡೇನಿ ಅನ್ನೂದ ನೆನಪ ಇರೂದಿಲ್ಲ.” ಸೈಕಲ್ ಹತ್ತುತ್ತ, “ಕೇಳೂಣು,” ಅಂದ.

ರವಿವಾರ ಸತ್ತೆವ್ವ ಅಂಗಳದಲ್ಲಿ ಕಾಲು ಚಾಚಿ ಶೇಂಗಾ ಸುಲಿಯುತ್ತಿದ್ದಳು. ಮನೆಯವರೆಲ್ಲ ಅವಳ ಸುತ್ತ ಬಂದು ಕುಳಿತರು. ಅಷ್ಟು ಜನ ಒಟ್ಟಿಗೆ ಬಂದದ್ದು ನೋಡಿ ಮುದುಕಿ ಹೆದರಿ, “ಯಾರ ಹ್ವಾದ್ರೋ?” ಅಂದಳು.

“ಯಾರೂ ಹೋಗಿಲ್ಲವಾ. ನಾ ಯಾವ ವರ್ಷ ಹುಟ್ಟೇನಿ ಹೇಳು,” ಅಂದ ಶಿದ್ಲಿಂಗಪ್ಪ.

“ಹಳ್ಳ ಬಂದ ವರ್ಷ.”

“ಯಾವ ಹಳ್ಳ?”

“ಬರ ಬಿದ್ದಿತ್ತಲ್ಲ, ಆ ವರ್ಷ. ಕೆಂಪ ಜೋಳ ತಿಂದ ವರ್ಷ.”

“ಹಳ್ಳ ಬಂದಿತ್ತೋ, ಬರ ಬಿದ್ದಿತ್ತೋ?” ಅಂತ ಸುಂದ್ರವ್ವ ಕೂಗಿದಳು.

ಮುದುಕಿ ಸೊಸೆಯನ್ನು ದಿಟ್ಟಿಸಿ ನೋಡಿದಳು. “ನೀವ ಯಾರದ ಕೇಳಾಕತ್ತೀರಿ? ದೊಡ್ಡವಂದೋ, ಸಣ್ಣವಂದೋ?”

“ದೊಡ್ಡವ ಯಾರು?”

“ಶಿದ್ಲಿಂಗಪ್ಪ.”

“ಯವ್ವಾ, ಶಿದ್ಲಿಂಗಪ್ಪ ನಾನಽ ಅಲ್ಲೇನ?”

“ನೀ ಮುತ್ತಪ್ಪ,” ಅಂದಳು ಸತ್ತೆವ್ವ. ಅಂದವಳೇ ಕೈಯಲ್ಲಿದ್ದ ಶೇಂಗಾ ಕೆಳಗಿಟ್ಟಳು.

ಆ ಮೇಲೆ ಬಂದ ಮಾತು ತುಂಡುತುಂಡಾಗಿ ಬಂತು. ಸರಿತಾ ಒಂದಕ್ಕೊಂದು ಜೋಡಿಸಿಕೊಂಡಳು. ಆಗ ಅವರು ಇದ್ದದ್ದು ಕೌಜಲಗಿಯ ಆಚೆಯ ಒಂದು ಸಣ್ಣ ಹಳ್ಳಿಯಲ್ಲಿ. ಮೊದಲ ಮಗ ಶಿದ್ಲಿಂಗಪ್ಪ. ಆರು ತುಂಬಿತೆಂದು ಶಾಲೆಗೆ ಹೆಸರು ಹಚ್ಚಿದರು. ಅದೇ ಶ್ರಾವಣದಲ್ಲಿ ವಾಂತಿಭೇದಿಯಾಗಿ ಮೂರೇ ದಿನಕ್ಕೆ ಹೋಯಿತು ಕೂಸು. ಆಗ ಎರಡನೆಯ ಮಗ ಮುತ್ತಪ್ಪನಿಗೆ ಮೂರು ವರ್ಷ. ಇನ್ನೆರಡು ಮೂರು ವರ್ಷ ಬಿಟ್ಟು ಅವನನ್ನು ಶಾಲೆಗೆ ಕರೆದೊಯ್ದಾಗ ಮಾಸ್ತರರು ಹಾಜರಿ ತೆಗೆದು, “ಶಿದ್ಲಿಂಗಪ್ಪನ ಹೆಸರು ಐತಲ್ಲ, ಬಾಳ ದಿನದಿಂದ ಬಂದಿಲ್ಲ. ಇವನಽ ಏನ?” ಅಂದರು. ತಂದೆ “ಹೌದ್ರಿ,” ಅಂದ. ಹೆಸರು ಹೊಡೆದು ಹಾಕಲು ಅವನಿಗೆ ಮನಸ್ಸು ಬರಲಿಲ್ಲ. ಅಲ್ಲಿಯತನಕ ಮನೆಯಲ್ಲಿ ಅವನನ್ನು ‘ಸಣ್ಣವ’ ಎಂದೇ ಕರೆಯುತ್ತಿದ್ದರು. ಇನ್ನು ಶಾಲೆಯಲ್ಲಿ ಒಂದು, ಮನೆಯಲ್ಲಿ ಒಂದು ಆದರೆ ಹುಡುಗ ಗೊಂದಲಕ್ಕೆ ಬಿದ್ದಾನೆಂದು ಮನೆಯಲ್ಲೂ ಶಿದ್ಲಿಂಗಪ್ಪ ಎಂದೇ ಕರೆದರು. ಮುಂದೆ ಊರು ಬಿಟ್ಟು ಬಂದರು. ಆ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

ಶಿದ್ಲಿಂಗಪ್ಪ ತಾಯಿ ಕೆಳಗಿಟ್ಟ ಶೇಂಗಾ ಎತ್ತಿ ಸುಲಿದ.

“ಅವ ನನ್ನಂಗ ಇದ್ನೇನವಾ?”

“ಇಲ್ಲಪಾ,” ಅಂದಳು ತಾಯಿ. “ಅವ ಬೆಳ್ಳಗಿದ್ದ.”

ಸುಂದ್ರವ್ವನೇ ಮೊದಲು ಎದ್ದವಳು. ಬೆರಳು ಮಡಿಚಿ ಎಣಿಸಿದಳು. “ಪುಸ್ತಕದಾಗಿನ ಅರವತ್ತಾರ ದೊಡ್ಡವಂದು. ಇವರ ಅವನಕಿಂತ ಮೂರ ವರ್ಷ ಸಣ್ಣವರು. ಅಂದ್ರ ಅರವತ್ತೊಂಬತ್ತ! ಖರೇನ ಅರವತ್ತೊಂಬತ್ತ!” ಅವಳ ದನಿ ಓಣಿಯ ತುದಿಯ ತನಕ ಕೇಳಿರಬೇಕು. “ಏ ಸರಿತಾ, ಈಗ ಸುಳ್ಳಲ್ಲಲಾ? ಈಗರೆ ಬರೀತೀಯಿಲ್ಲೋ?”

ಹತ್ತು ದಿನದ ಮೇಲೆ ಅತ್ತೆಯ ಬಾಯಲ್ಲಿ ತನ್ನ ಹೆಸರು ಬಂದದ್ದು ಕೇಳಿ ಸರಿತಾಗೆ ನಗು ಬಂತು, ಅಳುವೂ ಬಂತು. ಅಂದು ಮಧ್ಯಾಹ್ನ ಶಿರಾ ಮಾಡಿದರು. ಸುಂದ್ರವ್ವ ಬಾಜೂ ಮನೆಯವರಿಗೆ ಒಂದು ಬಟ್ಟಲು ಕೊಟ್ಟು, ಗಂಡನ ಖರೆ ವಯಸ್ಸಿನ ಕಥೆಯನ್ನೂ ಜೊತೆಗೆ ಕೊಟ್ಟು ಬಂದಳು. ಸೋಮಶೇಖರ, “ಬಾಯಿಮಾತ ನಡಿಯೂದಿಲ್ಲ. ನಾಳೆ ಆಯಿನ್ನ ಗೋಕಾಕಕ್ಕ ಕರಕೊಂಡ ಹೋಗಿ ನೋಟರಿ ಮುಂದ ಪ್ರಮಾಣಪತ್ರ ಮಾಡಸ್ತೇನಿ,” ಅಂದ. ಶಿದ್ಲಿಂಗಪ್ಪ ಶಿರಾ ತಿಂದು ಅಂಗಳದ ಮೂಲೆಯಲ್ಲಿ ಮಲಗಿದ. ಅವನಿಗೆ ಸಂತೋಷವಾಗಿದೆಯೋ ಇಲ್ಲವೋ ಯಾರೂ ಕೇಳಲಿಲ್ಲ.

ಸೋಮವಾರ ಬೆಳಿಗ್ಗೆ ಅತ್ತೆ ಕಟ್ಟಿದ ಡಬ್ಬಿಯಲ್ಲಿ ಎಣ್ಣೆಗಾಯಿ, ಶೇಂಗಾಚಟ್ನಿ, ಗಟ್ಟಿ ಮೊಸರು. ಸರಿತಾ ಕಚೇರಿಗೆ ಹೋದವಳೇ ಗಂಟಿನ ತಳದಿಂದ ಪುಸ್ತಕ ತೆಗೆದಳು. ಪುಟವನ್ನು ಮತ್ತೆ ಬೆಳಕಿಗೆ ಹಿಡಿಯಲಿಲ್ಲ. ಹೆಸರು, ತಂದೆಯ ಹೆಸರು, ಹುಟ್ಟಿದ ದಿನಾಂಕ. ಅರವತ್ತೊಂಬತ್ತು ಎಂದು ಹೊಡೆದಳು. ಖರೆಯನ್ನೇ ಬರೆಯುತ್ತಿದ್ದೇನೆ ಅನ್ನಿಸಿತು. ಸೇವೆಗೆ ಸೇರಿದ ದಿನಾಂಕ, ಹನ್ನೆರಡು ಆಗಸ್ಟ್ ಎಂಬತ್ತಾರು. ಮುಂದಿನ ಗುಂಡಿ ಒತ್ತಿದಳು.

ಪರದೆಯ ಮೇಲೆ ಕೆಂಪು ಅಕ್ಷರ ಬಂತು. ನೇಮಕಾತಿಯ ದಿನ ನೌಕರನ ವಯಸ್ಸು ಹದಿನೆಂಟಕ್ಕಿಂತ ಕಡಿಮೆ ಇದೆ. ಪರಿಶೀಲಿಸಿ.

ಅವಳು ಮತ್ತೊಮ್ಮೆ ಒತ್ತಿದಳು. ಮತ್ತೆ ಕೆಂಪು. ಆಮೇಲೆ ಹಾಳೆಯ ಮೇಲೆ ಕಳೆದು ನೋಡಿದಳು. ಹದಿನೇಳು ವರ್ಷ ಎರಡು ತಿಂಗಳು. ಕಂಪ್ಯೂಟರು ಎರಡು ಸೆಕೆಂಡಿನಲ್ಲಿ ಕಂಡದ್ದನ್ನು ಅವಳಾಗಲಿ ಮನೆಯವರಾಗಲಿ ಕಂಡಿರಲಿಲ್ಲ.

ಪುಸ್ತಕ ಹಿಡಿದು ಮ್ಯಾನೇಜರ್ ಸಿದ್ರಾಯ ಅವರ ಟೇಬಲ್ಲಿಗೆ ಹೋದಳು. ಮೂವತ್ತು ವರ್ಷ ಬರೀ ಕಡತಗಳ ನಡುವೆ ಕಳೆದ ಮನುಷ್ಯ. ಎಲ್ಲ ಕೇಳಿದರು. ಕನ್ನಡಕ ತೆಗೆದು ಪುಟವನ್ನು ಮೂಗಿನ ಹತ್ತಿರ ತಂದರು.

“ಇದು ಆರ ಐತಿ.”

“ಹೌದ್ರಿ ಸರ್. ಆದ್ರ ಖರೆ ಅಂದ್ರ ಒಂಬತ್ತ ರಿ.”

“ಖರೆ ನಮ್ಮ ಶಾಖೆಗೆ ಬರೂದಿಲ್ಲವಾ. ನಮ್ಮ ಕಡೆ ಬರೂದು ದಾಖಲೆ. ಹುಟ್ಟಿದ ತಾರೀಖ ತಿದ್ದಬೇಕಂದ್ರ ಸೇರಿದ ಮೂರ ವರ್ಷದಾಗ ಕೇಳಬೇಕಿತ್ತು. ನಲವತ್ತ ವರ್ಷ ಆತು.” ಅವರು ದನಿ ಇಳಿಸಿದರು. “ಇನ್ನೊಂದ ತಿಳಕೊ. ನಿಮ್ಮ ಮಾವ ಅರವತ್ತೊಂಬತ್ತರಾಗ ಹುಟ್ಯಾನ ಅಂತ ನೀವ ಸಿದ್ಧ ಮಾಡಿದ್ರಿ ಅಂದ್ರ, ಹದಿನೆಂಟ ತುಂಬದಾವಂಗ ನೌಕರಿ ಕೊಟ್ಟಂಗ ಆತು, ಅಣ್ಣನ ದಾಖಲೆ ತೋರಿಸಿ ಸೇರಿದಂಗ ಆತು. ನೇಮಕಾತೀನ ತಪ್ಪ ಅಂದ್ರ ಪೆನ್ಶನ್ ಕಾಗದ ಎಲ್ಲಿ ಹೋಗಿ ಕುಂದ್ರತೈತಿ, ನನಗೂ ಗೊತ್ತಿಲ್ಲ.”

“ಅವರಿಗೆ ಇದ ಗೊತ್ತಽ ಇರಲಿಲ್ರಿ.”

“ಕಾಗದಕ್ಕ ಅದ ಗೊತ್ತಾಗೂದಿಲ್ಲ. ಆ ಮುದಿಕಿ ಮಾತ ನಿಮ್ಮ ಮನಿ ಹೊಸ್ತಲ ದಾಟಬಾರದು. ಮತ್ತ ಈ ಪುಸ್ತಕ ಇಲ್ಲಿ ಇಟ್ಟ ಹೋಗು. ಮನಿಯವರ ಪುಸ್ತಕ ನೀ ಮುಟ್ಟಬಾರದಿತ್ತು. ಮದಲಽ ನನಗ ಹೇಳಬೇಕಿತ್ತು.”

ಮಾತು ಹೊಸ್ತಿಲು ದಾಟಿ ಓಣಿ ತಿರುಗಿ, ಆ ಹೊತ್ತಿಗೆ ಗೋಕಾಕಕ್ಕೇ ಹೋಗಿತ್ತು. ಸರಿತಾ ಹೊರಗೆ ಓಡಿ ಬಂದು ಗಂಡನಿಗೆ ಫೋನ್ ಹಚ್ಚಿದಳು. ಎತ್ತಲಿಲ್ಲ. ಮತ್ತೆ ಹಚ್ಚಿದಳು. ನಾಲ್ಕನೆಯ ಸಲಕ್ಕೆ ಎತ್ತಿದ.

“ಸಹಿ ಆತೇನ್ರಿ?”

“ಎಲ್ಲಿ ಸಹಿ? ನಮ್ಮ ಆಯಿ ನನ್ನ ಮಾನ ಕಳದ್ಳು!” ಸೋಮಶೇಖರನ ದನಿ ಏರಿತ್ತು. “ನಿನಗ ಎಷ್ಟ ಮಂದಿ ಗಂಡಸ ಮಕ್ಕಳವಾ ಅಂತ ನೋಟರಿ ಕೇಳಿದ್ರು. ಒಬ್ಬನ ಮಗಾ ಅಂದ್ಳು. ಮತ್ತ ಎರಡನೇದವ ಅಂದ್ರ, ಎರಡನೇದವ ಇಲ್ಲ, ನನಗ ಶಿದ್ಲಿಂಗಪ್ಪ ಒಬ್ಬನ ಅಂತ ಅಳಾಕ ಹತ್ತಿದ್ಳು. ಇಂಥಾದ್ದಕ್ಕ ನಾ ಸಹಿ ಸಿಕ್ಕಾ ಹಾಕಾಂಗಿಲ್ಲ ಅಂತ ಎಬ್ಬಿಸಿ ಕಳಸಿದ್ರು.”

“ಬಾಳ ಚಲೋ ಆತು,” ಅಂದಳು ಸರಿತಾ. ಮೆಟ್ಟಿಲ ಮೇಲೆ ಕುಳಿತಳು. “ಅಕೀನ್ನ ಕರಕೊಂಡ ಮನಿಗೆ ಬರ್ರಿ. ಎಲ್ಲೂ ಏನೂ ಮಾತಾಡಬ್ಯಾಡ್ರಿ.”

ಅಂದಿನ ಜಗಳ ದೊಡ್ಡದು. ಸರಿತಾ ಮೂರು ಸಲ ಬಿಡಿಸಿ ಹೇಳಿದಳು. ಸೋಮಶೇಖರನಿಗೆ ಎರಡನೆಯ ಸಲಕ್ಕೆ ತಿಳಿಯಿತು. ಸುಂದ್ರವ್ವನಿಗೆ ತಿಳಿದರೂ ಒಪ್ಪಿಗೆಯಾಗಲಿಲ್ಲ.

“ಅಂದ್ರ ಸುಳ್ಳ ಹೇಳಿದ್ರ ಪೆನ್ಶನ್ ಬರತೈತಿ, ಖರೆ ಹೇಳಿದ್ರ ಇಲ್ಲ. ನಿನ್ನಿ ತನಕ ಸುಳ್ಳ ಬರಿಯೂದಿಲ್ಲ ಅಂತಿದ್ದಿ. ಇವತ್ತ ಖರೆ ಬರಿಯೂದಿಲ್ಲ ಅಂತೀ. ನಿನ್ನ ಆಫೀಸಿಗೆ ಬೇಕಾದದ್ದರೆ ಏನ?”

“ನನಗೂ ತಿಳಿವಲ್ದ್ರಿ ಅತ್ತೀ.”

“ತಿಳೀಲಾರದ್ದ ಯಾಕ ತಗದಿ? ಆ ಪುಸ್ತಕ ಮುಚ್ಚಿ ಇಟ್ಟಿದ್ರ ಆಗತಿತ್ತಿಲ್ಲ?” ಸುಂದ್ರವ್ವ ಗಂಡನ ಕಡೆ ತಿರುಗಿದಳು. “ಏಳ ವರ್ಷ ದೊಡ್ಡಾವ ಅಂತ ಹೇಳಿ ನನ್ನ ಮದಿವಿ ಮಾಡಿದ್ರು. ಈಗ ನೋಡಿದ್ರ ನಾಕ ವರ್ಷ. ಹೆಸರ ನಿಮ್ಮದಲ್ಲ. ನಾ ಇಷ್ಟ ದಿನ ಯಾರ ಜೋಡಿ ಬಾಳೇ ಮಾಡೇನಿ?”

“ನನ್ನ ಜೋಡೀನ ಮಾಡೀ,” ಅಂದ ಶಿದ್ಲಿಂಗಪ್ಪ. “ರೊಟ್ಟಿ ಹಾಕು.”

ಐಶ್ವರ್ಯಳಿಗೆ ನಗು ತಡೆಯಲಾಗಲಿಲ್ಲ. ಸುಂದ್ರವ್ವ ಮಗಳ ಬೆನ್ನಿಗೊಂದು ಗುದ್ದಿ ರೊಟ್ಟಿ ಹಾಕಿದಳು. ಆದರೆ ಅಂದಿನಿಂದ ಓಣಿಯಲ್ಲಿ ಯಾರಾದರೂ “ಏನ್ರೀ, ನಿಮ್ಮ ಮನಿಯವರದು ಬ್ಯಾರೆ ಹೆಸರಂತಲ್ಲ?” ಅಂದರೆ, ಅವಳೇ ಮುಂದೆ ಬಂದು, “ಮುದಿಕಿಗೆ ಅರವು ಮರವು, ಏನೇನರೆ ಮಾತಾಡತೈತಿ,” ಅಂತ ಬಾಯಿ ಮುಚ್ಚಿಸುತ್ತಿದ್ದಳು. ಸತ್ತೆವ್ವ ಬಾಗಿಲಲ್ಲೇ ಕುಳಿತು ಅದನ್ನು ಕೇಳಿಸಿಕೊಳ್ಳುತ್ತಿದ್ದಳು.

ಸಿದ್ರಾಯ ಅವರು ಶಾಲೆಗೆ ಪತ್ರ ಬರೆದು ಉತ್ತರ ತರಿಸಿದರು. ಶಿದ್ಲಿಂಗಪ್ಪ, ಹುಟ್ಟಿದ್ದು ೧-೬-೧೯೬೬. ಒಂದನೇ ತಾರೀಖಿಗೆ ಹುಟ್ಟಿದವರು ಹಿಂದಿನ ತಿಂಗಳ ಕೊನೆಗೇ ನಿವೃತ್ತಿ. ಏಪ್ರಿಲ್ ಕೊನೆಯ ವಾರ ಆದೇಶ ಟೈಪಾಯಿತು. ಮ್ಯಾನೇಜರೇ ಬರೆದು ಮುಖ್ಯಾಧಿಕಾರಿಗಳ ಸಹಿ ಹಾಕಿಸಿದ್ದರು. ನೌಕರನಿಗೆ ತಲುಪಿಸಿ ಸಹಿ ಪಡೆಯುವುದು ಮಾತ್ರ ಸರಿತಾಳ ಪಾಲಿಗೆ ಬಂತು.

ಅದನ್ನು ಮನೆಯಲ್ಲಿ ಕೊಡಬಹುದಿತ್ತು. ಶಿದ್ಲಿಂಗಪ್ಪ ಬೇಡವೆಂದ. ಕೈಕಾಲು ತೊಳೆದು, ಅಂಗಿಯ ಗುಂಡಿ ಹಾಕಿಕೊಂಡು ಅವಳ ಟೇಬಲ್ಲಿನ ಮುಂದೆ ಬಂದು ನಿಂತ, ಉಳಿದ ನೌಕರರು ನಿಲ್ಲುವ ಹಾಗೆ.

“ಕುಂದರ್ರಿ ಮಾವಾರ.”

“ಇರಲಿ ತಂಗಿ. ಎಲ್ಲಿ ಸಹಿ?”

ಅವಳು ಜಾಗ ತೋರಿಸಿದಳು. ಅವನು ಪೆನ್ನಿನ ಮುಚ್ಚಳ ತೆಗೆದ.

“ಯಾವ ಹೆಸರ ಮಾಡ್ಲಿ?” ಅಂತ ಕೇಳಿದ. ನಗುತ್ತಿದ್ದಾನೋ ಇಲ್ಲವೋ ಸರಿತಾಗೆ ಗೊತ್ತಾಗಲಿಲ್ಲ.

“ಪಗಾರ ತಗೊಳ್ಳೂ ಹೆಸರ ಮಾಡ್ರಿ,” ಅಂದಳು. ಅವನು ಪ್ರತಿ ಅಕ್ಷರವನ್ನೂ ಒತ್ತಿ ಶಿದ್ಲಿಂಗಪ್ಪ ಎಂದು ಬರೆದ.

ಮೇ ಮೂವತ್ತೊಂದು ರವಿವಾರ ಬಂದದ್ದರಿಂದ ಶನಿವಾರವೇ ಬೀಳ್ಕೊಟ್ಟರು. ಶಾಲು, ಹಾರ, ಒಂದು ಡಬ್ಬಿ ಕರದಂಟು. ಮಾತಾಡಲು ಹೇಳಿದರೆ, “ನನಗ ಮಾತ ಬರೂದಿಲ್ರಿ. ತಳಗಿನ ಓಣಿ ವಾಲ್ವ್ ಬಿಗಿ ಐತಿ, ಸಾವಕಾಶ ತಿರುವ್ರಿ, ಮುರದೀತು,” ಅಂದು ಕುಳಿತುಬಿಟ್ಟ. ಪೆನ್ಶನ್ ಕಾಗದಕ್ಕೆ ಎಲ್ಲವೂ ಒಂದೇ ಇರಬೇಕೆಂದರು. ಸರಿತಾಳೇ ಅವನನ್ನು ಕರೆದೊಯ್ದು ಆಧಾರ ಕಾರ್ಡಿನಲ್ಲೂ ಅರವತ್ತಾರು ಮಾಡಿಸಿದಳು. ಮನೆಯ ಲೆಕ್ಕವೂ ಬದಲಾಯಿತು. ಮಾಳಿಗೆಯ ಕೋಣೆ ಸದ್ಯಕ್ಕೆ ಬೇಡವಾಯಿತು. ಸೋಮಶೇಖರ ಅಂಗಡಿಯನ್ನು ರವಿವಾರವೂ ತೆರೆಯತೊಡಗಿದ. ಸುಂದ್ರವ್ವ ಸೊಸೆಯ ಡಬ್ಬಿ ಮತ್ತೆ ತಾನೇ ಕಟ್ಟತೊಡಗಿದಳು. ಒಂದು ದಿನ ಪಲ್ಲೆಗೆ ಉಪ್ಪು ಜಾಸ್ತಿ, ಒಂದು ದಿನ ಸರಿ.

ಜೂನ್ ಎರಡನೆಯ ವಾರ ಶಿದ್ಲಿಂಗಪ್ಪ ಊಟ ಮಾಡುತ್ತ ಅಂದ: “ನಾ ಒಂದ ಸಲ ಅವನ್ನ ನೋಡಿ ಬರಬೇಕು.”

“ಯಾರನ್ನ?”

“ನಮ್ಮಣ್ಣನ್ನ. ಅವನ ಹೆಸರಿಲೆ ನಲವತ್ತ ವರ್ಷ ಉಂಡೇನಿ. ಎಲ್ಲಿ ಮಣ್ಣ ಮಾಡ್ಯಾರ, ಅದರೆ ನೋಡೂದಬ್ಯಾಡಾ?”

ಸುಂದ್ರವ್ವ ಬುತ್ತಿಗೆ ಕಡಕ್ ರೊಟ್ಟಿ, ಬೆಲ್ಲ, ಕೊಬ್ಬರಿ ಕಟ್ಟಿದಳು. ಸರಿತಾ ಒಂದು ದಿನ ರಜೆ ಹಾಕಿ ಮಾವನ ಜೊತೆ, ಆಯಿಯ ಕೈ ಹಿಡಿದು ಹೊರಟಳು. ಕೌಜಲಗಿಯಲ್ಲಿ ಬಸ್ಸಿಳಿದು ರಿಕ್ಷಾ ಮಾಡಿಕೊಂಡು ಹಳ್ಳಿಗೆ ಹೋದರು. ಸತ್ತೆವ್ವನಿಗೆ ಊರಿನ ಗುರುತೇ ಸಿಗಲಿಲ್ಲ. ಹಳ್ಳದ ದಂಡೆಗೆ ಕರೆದೊಯ್ದಾಗ, “ಇಲ್ಲೆ ಒಂದ ಬನ್ನಿ ಗಿಡ ಇತ್ತು,” ಅಂದಳು. ಬನ್ನಿ ಇರಲಿಲ್ಲ. ಎಲ್ಲಿ ನೋಡಿದರೂ ಕಬ್ಬು. ಅವಳು ಕಬ್ಬಿನ ಒಂದು ಬದುವಿನ ಕಡೆ ಕೈ ಮಾಡಿದಳು. ನಾಲ್ಕು ಹೆಜ್ಜೆ ಹೋಗಿ, “ಇದಲ್ಲ, ಅಕಾ ಅಲ್ಲಿ,” ಅಂದಳು. ಅಲ್ಲಿಗೆ ಹೋದರೆ ನೀರಿನ ಪೈಪು, ಒಂದು ಮೋಟರ್ ಪೆಟ್ಟಿಗೆ. “ಇಲ್ಲೂ ಅಲ್ಲಪಾ,” ಅಂದು ಮಣ್ಣಿನಲ್ಲಿ ಕುಳಿತಳು. “ಸಣ್ಣ ಕೂಸು. ಎಷ್ಟ ಜಾಗಾ ಬೇಕಾಗಿತ್ತು ಅದಕ್ಕ!”

ಶಿದ್ಲಿಂಗಪ್ಪ ಚಪ್ಪಲಿ ಬಿಟ್ಟು, ಅವಳು ತೋರಿಸಿದ ಮೂರೂ ಕಡೆ ಹೋಗಿ ಒಂದೊಂದು ಚೂರು ಬೆಲ್ಲ ಕೊಬ್ಬರಿ ಇಟ್ಟ. ಕೊನೆಯ ಕಡೆ ಬಹಳ ಹೊತ್ತು ಕುಕ್ಕರಗಾಲಲ್ಲಿ ಕುಳಿತ. ಅವನು ಏನಾದರೂ ಮಾತಾಡಿದನೋ ಏನೋ, ಕಬ್ಬಿನ ಗರಿಯ ಸಪ್ಪಳದಲ್ಲಿ ಸರಿತಾಗೆ ಕೇಳಿಸಲಿಲ್ಲ.

ಮಧ್ಯಾಹ್ನದ ಬಸ್ಸು ಅರ್ಧ ಖಾಲಿ ಇತ್ತು. ಸತ್ತೆವ್ವ ಕಿಟಕಿಗೆ ತಲೆಯಿಟ್ಟು ನಿದ್ದೆಹೋದಳು. ಕಂಡಕ್ಟರ್ ಬಂದು ಇಬ್ಬರು ಹೆಂಗಸರ ಆಧಾರ ನೋಡಿ ಸೊನ್ನೆ ರೂಪಾಯಿಯ ಟಿಕೆಟು ಹರಿದುಕೊಟ್ಟ. ಆಮೇಲೆ ಶಿದ್ಲಿಂಗಪ್ಪನ ನರೆತ ಮೀಸೆ ನೋಡಿದ.

“ಅಜ್ಜಾರ, ಅರವತ್ತ ಆಗೇತೇನ್ರಿ? ಆಗಿದ್ರ ನಿಮಗೂ ರಿಯಾಯಿತಿ ಐತಿ. ಆಧಾರ ತೋರಸ್ರಿ.”

ಹೊಸ ಆಧಾರ ಕಾರ್ಡು ಅವನ ಅಂಗಿಯ ಜೇಬಿನಲ್ಲೇ ಇತ್ತು. ಜೇಬಿನ ತೆಳು ಬಟ್ಟೆಯೊಳಗೆ ಅದರ ಅಂಚು ಸರಿತಾಗೆ ಕಾಣುತ್ತಿತ್ತು. ಶಿದ್ಲಿಂಗಪ್ಪ ಅದರ ಮೇಲೆ ಕೈ ಇಟ್ಟ. ಕಂಡಕ್ಟರ್ ಕಾಯುತ್ತ ನಿಂತ. ಬಸ್ಸು ಒಂದು ಗುಂಡಿಗೆ ಇಳಿದು ಎದ್ದಿತು.

“ಇಲ್ರಿ,” ಅಂದ ಶಿದ್ಲಿಂಗಪ್ಪ. “ನಂಗ ಇನ್ನ ಮೂರ ವರ್ಷ ಬೇಕು. ಪೂರಾ ತಿಕೀಟ ಕೊಡ್ರಿ.”